ಮೂರು ವಿಮಾನಕ್ಕೆ ಹತ್ತು ಹೆಸರು: ಯಾಕ್ ಜೆಟ್‌ಗಳ ಬಗ್ಗೆ ಒಂದು ತಿದ್ದುಪಡಿ ಹಾಕಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಯಲ್ಲಿ ರನ್‌ವೇ ಇಲ್ಲದೇನೇ ನಿಂತಲ್ಲಿಂದ ನೆಟ್ಟಗೆ ಮೇಲೇಳೋ ಫೈಟರ್ ಜೆಟ್‌ಗಳ ಬಗ್ಗೆ ಅರ್ಧ ಪುಟ ಬರೆದಿದ್ರಿ. ಕನ್ನಡ ಪೇಪರಲ್ಲಿ ಇಂಥ ವಿಷಯ ಬರೋದೇ ಅಪರೂಪ, ಅದಕ್ಕೆ ಮೊದಲು ಥ್ಯಾಂಕ್ಸ್. 2025ರ ಜೂನ್‌ನಲ್ಲಿ ಬ್ರಿಟನ್ನಿನ ಇಂಥದ್ದೇ ಜೆಟ್, ಎಫ್-35ಬಿ ಒಂದು ತಿರುವನಂತಪುರದಲ್ಲಿ ಇಳಿದು ಕೆಟ್ಟು ತಿಂಗಳಿಗೂ ಜಾಸ್ತಿ ಅಲ್ಲೇ ನಿಂತಿತ್ತಲ್ಲ, ಆವಾಗಿಂದ ನಮ್ಮ ಏರಿಯಾ ಹುಡುಗ್ರಿಗೆಲ್ಲ ಈ ವಿಮಾನಗಳ ಹುಚ್ಚು ಹಿಡಿದಿದೆ, ನಿಮ್ಮ ಲೇಖನಾನೂ ಕತ್ತರಿಸಿ ಇಟ್ಕೊಂಡಿರ್ತಾರೆ, ಕ್ವಿಝ್‌ಗೆ ಓದ್ಕೋತಾರೆ, ಅದಕ್ಕೇ ಈ ಪತ್ರ.

ಬ್ರಿಟನ್ನಿನ ಹ್ಯಾರಿಯರ್ ಜೆಟ್ ಬಗ್ಗೆ ಬರೆದಿರೋದು ಚೆನ್ನಾಗಿದೆ. ಆದ್ರೆ ಸೋವಿಯತ್ ಭಾಗಕ್ಕೆ ಬಂದಾಗ ಲೇಖನ ಪೂರ್ತಿ ಹಳಿ ತಪ್ಪಿದೆ. ಸೋವಿಯತ್‌ನ ಯಾಕೊವ್ಲೆವ್ ಕಂಪನಿಯವ್ರು (ಯಾಕ್ ಅಂದ್ರೆ ಅದರ ಚಿಕ್ಕ ಹೆಸರು) ಐದು ವಿಮಾನ ಮಾಡಿದ್ರು, ಯಾಕ್-36, ಯಾಕ್-36ಎಂ, ಯಾಕ್-38, ಯಾಕ್-41, ಯಾಕ್-141 ಅಂತ ಪಟ್ಟಿ ಕೊಟ್ಟಿದ್ದೀರಿ. ಐದಲ್ಲ, ಮೂರೇ. 36 ಒಂದು, 36ಎಂ ಮತ್ತೆ 38 ಎರಡೂ ಸೇರಿ ಒಂದು, 41 ಮತ್ತೆ 141 ಸೇರಿ ಇನ್ನೊಂದು. ಇದರ ಮೇಲೆ ನೇಟೋದವ್ರು, ಅಂದ್ರೆ ಅಮೆರಿಕ ಮತ್ತೆ ಯುರೋಪಿನ ಸೇನಾ ಕೂಟದವ್ರು, ಸೋವಿಯತ್ ವಿಮಾನ ಗುರುತಿಸೋಕೆ ಇಟ್ಟ ಹೆಸರುಗಳಾದ ಫ್ರೀಹ್ಯಾಂಡ್, ಫೋರ್ಜರ್, ಫ್ರೀಸ್ಟೈಲ್ ಮೂರನ್ನೂ ಬೇರೆ ಬೇರೆ ವಿಮಾನ ಅನ್ನೋ ಥರ ಬಾಕ್ಸಲ್ಲಿ ಹಾಕಿದ್ದೀರಿ, ಓದಿದವ್ರಿಗೆ ಎಂಟು ಥರದ ವಿಮಾನ ಇತ್ತು ಅನ್ಸುತ್ತೆ. ಮೆಜೆಸ್ಟಿಕ್ ಅಂದ್ರೂ ಕೆಂಪೇಗೌಡ ಬಸ್ ನಿಲ್ದಾಣ ಅಂದ್ರೂ ನಾವು ಇಳಿಯೋ ಜಾಗ ಒಂದೇ ಅಲ್ವಾ, ಹಾಗೇ ಇದೂ.

ಬರೀ ಹೆಸರು ತಾನೇ, ಏನೀಗ ಅಂತ ನೀವು ಕೇಳಬಹುದು. ಹೆಸರು ಕಲಸಿಹೋದ್ರೆ ಆ ವಿಮಾನದ ಕಥೇನೇ ಹಾಳಾಗುತ್ತೆ ಅನ್ನೋದು ನನ್ನ ವಾದ. ಮೊದಲನೇದು ಬರೀ ಪ್ರಯೋಗಕ್ಕೆ ಮಾಡಿದ್ದು, ಎರಡನೇದು ನಿಜವಾಗ್ಲೂ ನೌಕಾಪಡೆಗೆ ಸೇರಿ ಕಷ್ಟಪಟ್ಟು ಕೆಲಸ ಮಾಡಿದ್ದು, ಮೂರನೇದು ಎಲ್ಲಕ್ಕಿಂತ ಚೆನ್ನಾಗಿದ್ದು ದುಡ್ಡಿಲ್ಲದೆ ನಿಂತುಹೋಗಿದ್ದು. ಒಂದರ ತಪ್ಪನ್ನ ಇನ್ನೊಂದರ ತಲೆಗೆ ಕಟ್ಟಿದ್ರೆ ಆ ಎಂಜಿನಿಯರ್‌ಗಳಿಗೂ ಅದನ್ನ ಹಾರಿಸಿದ ಪೈಲಟ್‌ಗಳಿಗೂ ಅನ್ಯಾಯ.

ಯಾಕ್-36ರಿಂದ ಶುರು ಮಾಡ್ತೀನಿ. ಇದನ್ನ ಜಗತ್ತು ಮೊದಲು ನೋಡಿದ್ದು 1967ರ ಜುಲೈ 9ಕ್ಕೆ, ಮಾಸ್ಕೋ ಹತ್ರ ದೊಮೊದೆದೊವೊ ಏರ್ ಶೋನಲ್ಲಿ. ಮುಂದೆ ದೊಡ್ಡ ಬಾಯಿ ತೆರೆದಂಗಿರೋ ಗಾಳಿ ದ್ವಾರ, ಒಳಗೆ ಅಕ್ಕಪಕ್ಕ ಎರಡು ಎಂಜಿನ್, ಮೂತಿಯಿಂದ ಮುಂದಕ್ಕೆ ಚಾಚಿಕೊಂಡಿರೋ ಉದ್ದನೆ ಕೊಳವೆ. ಆ ಕೊಳವೆ ಗನ್ ಅಲ್ಲ. ವಿಮಾನ ಗಾಳಿಯಲ್ಲಿ ನಿಂತಾಗ ರೆಕ್ಕೆಗೂ ಬಾಲಕ್ಕೂ ಕೆಲಸ ಇರಲ್ಲ, ಗಾಳಿ ಹರಿದ್ರೆ ತಾನೇ ಅವು ತಿರುಗಿಸೋದು, ಅದಕ್ಕೆ ಎಂಜಿನ್‌ನಿಂದ ಒತ್ತಡದ ಗಾಳಿ ತಗೊಂಡು ಮೂತಿ, ಬಾಲ, ರೆಕ್ಕೆ ತುದಿಗಳಲ್ಲಿ ಸಣ್ಣ ನಾಝಲ್‌ಗಳಿಂದ ಊದಿ ಬ್ಯಾಲೆನ್ಸ್ ಮಾಡಬೇಕು, ಮೂತಿ ಹತ್ರ ಊದೋ ಜಾಗ ಎಷ್ಟು ದೂರ ಇದ್ರೆ ಅಷ್ಟು ಹಿಡಿತ ಸಿಗುತ್ತೆ ಅಂತ ಆ ಕೊಳವೆ. ಆ ಶೋನಲ್ಲಿ ರೆಕ್ಕೆ ಕೆಳಗೆ ರಾಕೆಟ್ ಪಾಡ್ ನೇತುಹಾಕಿ ತೋರಿಸಿದ್ರು, ನೋಡಿದವ್ರು ಯುದ್ಧವಿಮಾನ ಅಂದ್ಕೊಂಡ್ರು. ಆದ್ರೆ ಅದು ಸೇನೆಗೆ ಯಾವತ್ತೂ ಸೇರಲಿಲ್ಲ, ಕೆಲವೇ ಕೆಲವು ಮಾಡಿದ್ದು, ನೆಟ್ಟಗೆ ಏಳೋಕೆ ಇಳಿಯೋಕೆ ಕಲಿಯೋಕೆ ಅಷ್ಟೇ. ನೇಟೋ ಇದಕ್ಕೆ ಫ್ರೀಹ್ಯಾಂಡ್ ಅಂತ ಹೆಸರಿಟ್ಟಿತು.

ಅದೇ ದಿನ ಅಲ್ಲಿ ಇನ್ನೊಂದು ಗೊಂದಲಾನೂ ಹುಟ್ಟಿತು. ಹೊಟ್ಟೆಯಲ್ಲಿ ಲಿಫ್ಟ್ ಎಂಜಿನ್, ಅಂದ್ರೆ ಮೇಲಕ್ಕೆ ಎತ್ತೋಕೆ ಅಂತಾನೇ ಇರೋ ಎಂಜಿನ್, ಇಟ್ಟ ಒಂದು ಮಿಗ್ ಕೂಡ ಹಾರಿತ್ತು, ಮಿಗ್-23ಪಿಡಿ, ನೇಟೋ ಹೆಸರು ಫೇತ್‌ಲೆಸ್. ಅದು ನೆಟ್ಟಗೆ ಏಳೋದಲ್ಲ, ಸಣ್ಣ ರನ್‌ವೇಯಲ್ಲಿ ಏಳೋದು. ರೆಕ್ಕೆ ಹಿಂದಕ್ಕೂ ಮುಂದಕ್ಕೂ ಆಡಿಸೋ ಇನ್ನೊಂದು ಮಿಗ್ ಕೂಡ ಅವತ್ತೇ ಬಂತು, ಮುಂದೆ ನಿಜವಾದ ಮಿಗ್-23 ಆಗಿದ್ದು ಅದು. ಪಶ್ಚಿಮದವ್ರು ಮಾತ್ರ ಅವತ್ತು ಅಲ್ಲೇ ಹಾರಿದ ಮೂರನೇ ವಿಮಾನ ಒಂದನ್ನ, ನಾವೀಗ ಮಿಗ್-25 ಅನ್ನೋದನ್ನ, ಮಿಗ್-23 ಅಂತ ಸ್ವಲ್ಪ ಕಾಲ ಕರೀತಿದ್ರು. ಹೊರಗಿನವ್ರಿಗೆ ಸರಿಯಾದ ಹೆಸರು ಹೇಳೋ ಪದ್ಧತಿನೇ ಅಲ್ಲಿರಲಿಲ್ಲ, ನೋಡಿದವ್ರು ಊಹೆ ಮಾಡಬೇಕಿತ್ತು.

ಈಗ ಮುಖ್ಯವಾದ್ದಕ್ಕೆ ಬರ್ತೀನಿ. ಯಾಕ್-36ಎಂ ಅಂದ ತಕ್ಷಣ 36ರ ಸುಧಾರಿಸಿದ ಮಾಡೆಲ್ ಅನ್ಸುತ್ತೆ, ನಿಮ್ಮ ಲೇಖಕರೂ ಹಾಗೇ ಬರೆದಿದ್ದಾರೆ. ಅದು ಹೆಚ್ಚುಕಡಿಮೆ ಪೂರ್ತಿ ಹೊಸ ವಿಮಾನ. ಅಕ್ಕಪಕ್ಕದ ಎರಡು ಎಂಜಿನ್ ಹೋಯ್ತು, ಮೂತಿ ಕೊಳವೆ ಹೋಯ್ತು. ಬದಲಿಗೆ ಹಿಂದೆ ಒಂದು ದೊಡ್ಡ ಎಂಜಿನ್, ಅದರ ಬೆಂಕಿ ಎರಡು ನಾಝಲ್‌ಗೆ ಒಡೆದು ಬೇಕಾದಾಗ ಕೆಳಕ್ಕೆ ತಿರುಗುತ್ತೆ, ಕಾಕ್‌ಪಿಟ್ ಬೆನ್ನಿಗೆ ಎರಡು ಸಣ್ಣ ಲಿಫ್ಟ್ ಎಂಜಿನ್ ಒಂದರ ಹಿಂದೆ ಒಂದು ನೆಟ್ಟಗೆ ನಿಲ್ಲಿಸಿರೋದು, ಅವುಗಳ ಮೇಲೆ ಮುಚ್ಚಳ. ಟೇಕಾಫ್ ಟೈಮಲ್ಲಿ ಮುಚ್ಚಳ ಮೇಲಕ್ಕೆ ತೆರ್ಕೊಳ್ಳುತ್ತೆ, ಲಿಫ್ಟ್ ಎಂಜಿನ್ ಸ್ಟಾರ್ಟ್ ಆಗುತ್ತೆ, ಒಟ್ಟು ಮೂರು ಎಂಜಿನ್ ಒಂದೇ ಹದದಲ್ಲಿ ತಳ್ಳಿದ್ರೆ ಮಾತ್ರ ವಿಮಾನ ಮಟ್ಟವಾಗಿ ಏಳುತ್ತೆ. ಮೇಲೆ ಹೋಗಿ ಮುಂದಕ್ಕೆ ಹಾರೋಕೆ ಶುರುವಾದ್ಮೇಲೆ ಆ ಎರಡು ಎಂಜಿನ್‌ಗೆ ಕೆಲಸ ಇಲ್ಲ, ಬರೀ ಭಾರ ಹೊರಬೇಕು. ಹ್ಯಾರಿಯರ್‌ನಲ್ಲಿ ಒಂದೇ ಪೆಗಾಸಸ್ ಎಂಜಿನ್, ನಾಲ್ಕು ನಾಝಲ್, ಏಳೋಕೂ ಅದೇ ಹಾರೋಕೂ ಅದೇ. ಎರಡರ ಮಧ್ಯೆ ನಿಜವಾದ ವ್ಯತ್ಯಾಸ ಇದು, ನಿಮ್ಮ ಲೇಖನದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

1972ರ ನವೆಂಬರ್ 18ಕ್ಕೆ ಮಿಖಾಯಿಲ್ ಡೆಕ್ಸ್‌ಬಾಖ್ ಅನ್ನೋ ಟೆಸ್ಟ್ ಪೈಲಟ್ ಈ ಯಾಕ್-36ಎಂನ ಮಾಸ್ಕ್ವಾ ಅನ್ನೋ ಹೆಲಿಕಾಪ್ಟರ್ ಹಡಗಿನ ಮೇಲೆ ಇಳಿಸಿದ್ರು. 1977ರಲ್ಲಿ ಅಧಿಕೃತವಾಗಿ ನೌಕಾಪಡೆಗೆ ತಗೊಂಡಾಗ ಅದರ ಹೆಸರು ಯಾಕ್-38 ಆಯ್ತು. ಅಂದ್ರೆ ಬೇರೆ ವಿಮಾನ ಅಲ್ಲ, ಅದೇ ವಿಮಾನಕ್ಕೆ ಕೆಲಸಕ್ಕೆ ಸೇರಿದ ಮೇಲಿನ ಹೆಸರು. ಆಮೇಲೆ ಅದಕ್ಕೆ ಜಾಸ್ತಿ ಶಕ್ತಿ ಇರೋ ಎಂಜಿನ್ ಹಾಕಿ ಯಾಕ್-38ಎಂ ಮಾಡಿದ್ರು, ಇದು ಮಾತ್ರ ನಿಜವಾದ ಸುಧಾರಿತ ಮಾಡೆಲ್. ಎರಡು ಸೀಟಿನ ಟ್ರೇನಿಂಗ್ ವಿಮಾನಕ್ಕೆ ಯಾಕ್-38ಯು. ಹಾಗಾಗಿ 36ಎಂನ ಎಂ ನೋಡಿ ಒಂದು ಲೆಕ್ಕ ಹಾಕಿದವ್ರು 38ಎಂನ ಎಂ ನೋಡಿದಾಗ ಇನ್ನೊಂದು ಲೆಕ್ಕ ಹಾಕಬೇಕು. ಟ್ಯುಪೊಲೆವ್ ಅನ್ನೋ ಇನ್ನೊಂದು ಸೋವಿಯತ್ ವಿಮಾನ ಕಂಪನಿಯವ್ರದ್ದೂ ಇದೇ ಕಥೆ, ಟಿಯು-22ಕ್ಕೂ ಟಿಯು-22ಎಂಗೂ ಹೆಸರು ಬಿಟ್ರೆ ಹೋಲಿಕೆ ಬಹಳ ಕಡಿಮೆ.

1976ರ ಜುಲೈನಲ್ಲಿ ಕೀವ್ ಅನ್ನೋ ಹೊಸ ಹಡಗು ಟರ್ಕಿಯ ಬಾಸ್ಫರಸ್ ಜಲಸಂಧಿ ದಾಟಿ ಮೆಡಿಟರೇನಿಯನ್‌ಗೆ ಬಂದಾಗ ಡೆಕ್ ಮೇಲೆ ಈ ವಿಮಾನಗಳು ನಿಂತಿದ್ವು. ಪಶ್ಚಿಮದ ಪತ್ರಿಕೆಗಳಿಗೆ ಗೊತ್ತಿದ್ದಿದ್ದು ಯಾಕ್-36 ಅನ್ನೋ ಹೆಸರು ಮಾತ್ರ, ಅದನ್ನೇ ಇದಕ್ಕೂ ಅಂಟಿಸಿದ್ರು, ಕೆಲವ್ರು ಯಾಕ್-36ಎಂಪಿ ಅಂತಾನೂ ಬರೆದ್ರು. ನೇಟೋ ಮಾತ್ರ ಇದು ಬೇರೆ ವಿಮಾನ ಅಂತ ಗುರುತಿಸಿ ಫೋರ್ಜರ್ ಅಂತ ಹೊಸ ಹೆಸರು ಕೊಟ್ಟಿತು. ಯಾಕ್-38 ಅನ್ನೋ ಹೆಸರು ಹೊರಗೆ ಬರೋಕೆ ವರ್ಷಗಳೇ ಹಿಡೀತು. ಅವೆನ್ಯೂ ರೋಡಲ್ಲಿ ಹಳೇ ಪುಸ್ತಕದಂಗಡಿಯಿಂದ ತಂದ ಒಂದು ಇಂಗ್ಲಿಷ್ ವಿಮಾನ ಪುಸ್ತಕ ನನ್ನ ಹತ್ರ ಇದೆ, ಎಪ್ಪತ್ತರ ದಶಕದ ಕೊನೆದು, ಅದರಲ್ಲಿ ಕೀವ್ ಡೆಕ್ಕಿನ ಫೋಟೋ ಕೆಳಗೆ ಯಾಕ್-36 ಅಂತಾನೇ ಇದೆ, ಹಿಂದೆ ಯಾರೋ ಅದನ್ನ ಕೊಂಡವ್ರು ಪೆನ್ಸಿಲಲ್ಲಿ 36ನ್ನ ಹೊಡೆದು ಪಕ್ಕದಲ್ಲಿ 38 ಅಂತ ಬರೆದಿದ್ದಾರೆ. ಅಂಥ ಹಳೇ ಪುಸ್ತಕ ನೋಡಿ ಬರೆದ್ರೆ ತಪ್ಪಾಗೋದು ಸಹಜ, ಹಾಗಾಗಿ ನಿಮ್ಮ ಲೇಖಕರ ಮೇಲೆ ನನಗೆ ಕೋಪ ಇಲ್ಲ, ಈಗ ಗೊತ್ತಾದ್ಮೇಲೆ ತಿದ್ದಿ ಅನ್ನೋದಷ್ಟೇ ನನ್ನ ವಿನಂತಿ.

ನೇಟೋ ಹೆಸರುಗಳ ವಿಷಯದಲ್ಲೂ ಒಂದು ಮಾತು ಬಿಟ್ಟುಹೋಗಿದೆ. ಎಫ್‌ನಿಂದ ಶುರುವಾದ್ರೆ ಫೈಟರ್, ಬಿ ಆದ್ರೆ ಬಾಂಬರ್, ಸಿ ಆದ್ರೆ ಸಾಗಣೆ, ಎಚ್ ಆದ್ರೆ ಹೆಲಿಕಾಪ್ಟರ್. ಈ ಮೂರಕ್ಕೂ ಎಫ್ ಬಂದಿರೋದ್ರಿಂದ ಮೂರೂ ಫೈಟರ್ ಅಂತ ಎಲ್ರೂ ಬರೀತಾರೆ. ಆದ್ರೆ ಸೋವಿಯತ್ ಲೆಕ್ಕದಲ್ಲಿ ಸಾಮಾನ್ಯವಾಗಿ ಫೈಟರ್‌ಗೆ ಬೆಸ ಸಂಖ್ಯೆ, ಮಿಗ್-21, 23, 25, 29, ಸು-27 ಹೀಗೆ, ಉಳಿದವಕ್ಕೆ ಸಮ ಸಂಖ್ಯೆ. 38 ಸಮ ಸಂಖ್ಯೆ ನೋಡಿ. ಅದನ್ನ ಮಾಡಿದವ್ರೇ ಅದನ್ನ ಹಡಗಿನ ದಾಳಿ ವಿಮಾನ ಅಂತ ಕರೀತಿದ್ರು, ಅದಕ್ಕೆ ರೇಡಾರೇ ಇರಲಿಲ್ಲ, ಬಾಂಬು, ರಾಕೆಟ್ಟು, ಜೊತೆಗೆ ಹತ್ತಿರದ ಗುರಿಗೆ ಆರ್-60 ಕ್ಷಿಪಣಿ ಅಷ್ಟೇ. ನೀವು ಅದನ್ನ ರೇಡಾರ್ ಇರೋ ಸೀ ಹ್ಯಾರಿಯರ್ (ಹ್ಯಾರಿಯರ್‌ನ ನೌಕಾಪಡೆ ಮಾಡೆಲ್) ಪಕ್ಕ ಇಟ್ಟು ಫೈಟರ್ ಆಗಿ ಸೋತಿತು ಅಂತ ತೀರ್ಪು ಕೊಟ್ಟಿದ್ದೀರಿ, ಆ ಕೆಲಸಕ್ಕೆ ಅಂತ ಅದನ್ನ ಮಾಡಿರಲೇ ಇಲ್ಲ.

ಹಾಗಂತ ಯಾಕ್-38 ಒಳ್ಳೇ ವಿಮಾನ ಅಂತ ನಾನು ಹೇಳ್ತಿಲ್ಲ. ಒಯ್ಯೋ ಭಾರ ಕಡಿಮೆ, ಹೋಗೋ ದೂರ ಕಡಿಮೆ. ಸೆಖೆ ಜಾಸ್ತಿ ಆದ್ರೆ ಇನ್ನೂ ಕಷ್ಟ, ಬಿಸಿ ಗಾಳಿ ತೆಳು, ಎಂಜಿನ್ ತಳ್ಳೋ ಶಕ್ತಿ ಇಳಿದುಹೋಗುತ್ತೆ, ನಮ್ಮ ಹಿಂದೂ ಮಹಾಸಾಗರದ ಕಡೆ ಬಂದಾಗ ಆ ವಿಮಾನಗಳು ಒದ್ದಾಡಿದ್ದು ಇದೇ ಕಾರಣಕ್ಕೆ. ಆದ್ರೆ ಅದರಲ್ಲಿದ್ದ ಒಂದು ವ್ಯವಸ್ಥೆ ಬಗ್ಗೆ ಎಷ್ಟು ಹೇಳಿದ್ರೂ ಕಡಿಮೆ. ನೆಟ್ಟಗೆ ಏಳುವಾಗ ಇಳಿಯುವಾಗ ಒಂದು ಲಿಫ್ಟ್ ಎಂಜಿನ್ ಕೈ ಕೊಟ್ರೆ ವಿಮಾನ ಕಣ್ಣು ಮಿಟುಕಿಸೋಷ್ಟ್ರಲ್ಲಿ ಮೂತಿ ಕೆಳಗೆ ಹಾಕಿ ಮಗುಚಿಬೀಳುತ್ತೆ, ಪೈಲಟ್‌ಗೆ ಅರ್ಥ ಆಗಿ ಹ್ಯಾಂಡಲ್ ಎಳೆಯೋಷ್ಟು ಟೈಮೇ ಇರಲ್ಲ. ಅದಕ್ಕೆ ಅವ್ರು ವಿಮಾನ ಮಿತಿ ಮೀರಿ ವಾಲಿದ ತಕ್ಷಣ ಯಾರನ್ನೂ ಕೇಳದೆ ಸೀಟನ್ನ ತಾನಾಗೇ ಹೊರಗೆ ಹಾರಿಸೋ ಸಿಸ್ಟಂ ಇಟ್ಟಿದ್ರು. ಎಷ್ಟೋ ಪೈಲಟ್‌ಗಳು ಮನೆಗೆ ವಾಪಸ್ ಹೋಗಿದ್ದು ಇದರಿಂದ. 231 ವಿಮಾನ ಸರಾತೊವ್‌ನಲ್ಲಿ ತಯಾರಾದ್ವು, ಅಪಘಾತಗಳು ಬಹಳ ಆದ್ವು, ಅಂಥದ್ರಲ್ಲಿ ಜೀವ ಉಳಿಸಿದ ಈ ಒಂದು ಸಂಗತಿ ಲೇಖನದಲ್ಲಿ ಬರಲೇಬೇಕಿತ್ತು.

ಇನ್ನು ಯಾಕ್-41. ಇದು ಬೆಸ ಸಂಖ್ಯೆ, ಅಂದ್ರೆ ಇದನ್ನ ಫೈಟರ್ ಅಂತಾನೇ ಶುರು ಮಾಡಿದ್ದು. ಕಾರ್ಖಾನೆ ಒಳಗೆ ಇದಕ್ಕೆ ಉತ್ಪನ್ನ ಸಂಖ್ಯೆ 48 ಅಂತ ಇನ್ನೊಂದು ಹೆಸರು. 1987ರ ಮಾರ್ಚ್ 9ಕ್ಕೆ ಆಂದ್ರೆಯ್ ಸಿನಿತ್ಸಿನ್ ಇದನ್ನ ಮಾಮೂಲಿ ರನ್‌ವೇಯಿಂದ ಮೊದಲ ಸಲ ಹಾರಿಸಿದ್ರು, 1989ರ ಕೊನೆಯಲ್ಲಿ ಗಾಳಿಯಲ್ಲಿ ನಿಲ್ಲಿಸಿದ್ರು, 1990ರ ಜೂನ್‌ನಲ್ಲಿ ನೆಟ್ಟಗೆ ಎದ್ದು ಮುಂದೆ ಹಾರಿ ವಾಪಸ್ ನೆಟ್ಟಗೆ ಇಳಿಸಿದ್ರು. ಶಬ್ದದ ವೇಗ ಮೀರಿ ಹಾರೋ ವಿಮಾನ ಇದು, ಹ್ಯಾರಿಯರ್‌ಗೆ ಅದು ಆಗ್ತಿರಲಿಲ್ಲ. ಹಿಂದಿನ ದೊಡ್ಡ ನಾಝಲ್ ಮೂರು ಕಡೆ ಕೀಲು ಇಟ್ಟ ಹಾಗೆ ತಿರುಗಿ ಕೆಳಕ್ಕೆ ಬಗ್ಗುತ್ತೆ, ಅದರ ಎರಡೂ ಕಡೆ ಬಾಲ ಹೊತ್ತ ಎರಡು ತೋಳು, ಕಾಕ್‌ಪಿಟ್ ಹಿಂದೆ ಮತ್ತೆ ಎರಡು ಲಿಫ್ಟ್ ಎಂಜಿನ್.

ಹಾಗಿದ್ರೆ 141 ಎಲ್ಲಿಂದ ಬಂತು? 1991ರಲ್ಲಿ ಸಿನಿತ್ಸಿನ್ ಇದರಲ್ಲಿ 12 ವಿಶ್ವದಾಖಲೆ ಮಾಡಿದಾಗ ಅಂತಾರಾಷ್ಟ್ರೀಯ ಸಂಸ್ಥೆಗೆ ಕಾಗದ ಕಳಿಸಬೇಕಾಯ್ತು, ಆ ಕಾಗದದಲ್ಲಿ ನಿಜವಾದ ಹೆಸರು ಬರೆಯೋ ಬದಲು ಯಾಕ್-141 ಅಂತ ಬರೆದ್ರು. ದಾಖಲೆಗೆ ಬೇರೆ ಹೆಸರು ಕೊಡೋದು ಅವ್ರಿಗೆ ಮೊದಲಿಂದಲೂ ಅಭ್ಯಾಸ, ಮಿಗ್-25 ದಾಖಲೆಗಳನ್ನ ಇ-266 ಅನ್ನೋ ಹೆಸರಲ್ಲಿ ಮಾಡಿದ್ರಲ್ಲ. 1992ರಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋ ಏರ್ ಶೋಗೆ ಹೋದಾಗ ವಿಮಾನದ ಮೈ ಮೇಲೂ 141 ಅಂತ ಬರೆದಿತ್ತು, ಅಲ್ಲಿಂದ ಆ ಹೆಸರೇ ಎಲ್ಲ ಕಡೆ ಓಡ್ತು. ನೀವು ಯಾಕ್-41 ಅಪಘಾತಕ್ಕೆ ಸಿಕ್ಕಿ ನಿಂತುಹೋಯ್ತು, ಆಮೇಲೆ ಅದರ ಜಾಗಕ್ಕೆ ಯಾಕ್-141 ಬಂತು ಅಂತ ಬರೆದಿದ್ದೀರಿ. ಹಾಗೇನೂ ಆಗಿಲ್ಲ. ಹಾರಿದ್ದೇ ಎರಡು ವಿಮಾನ, ಎರಡೂ ಅದೇ. ಆಮೇಲೆ ಯಾಕ್-43 ಅಂತ ಒಂದು ಯೋಚನೆ ಇತ್ತು, ಅದು ಕಾಗದದಲ್ಲೇ ಉಳೀತು.

ಆ ಅಪಘಾತದ ವಿಷಯದಲ್ಲೇ ನಮ್ಮ ಕರ್ನಾಟಕದ ಓದುಗರಿಗೆ ತೀರಾ ಹತ್ತಿರದ ಸಂಗತಿಯನ್ನ ನೀವು ಬಿಟ್ಟಿದ್ದೀರಿ, ನನಗೆ ಬೇಜಾರಾಗಿದ್ದು ಇದಕ್ಕೇ ಜಾಸ್ತಿ. 1991ರ ಸೆಪ್ಟೆಂಬರ್ 26ಕ್ಕೆ ಈ ವಿಮಾನ ಮೊದಲ ಸಲ ಹಡಗಿನ ಮೇಲೆ ಇಳೀತು. ಅಕ್ಟೋಬರ್ 5ಕ್ಕೆ ವ್ಲಾದಿಮಿರ್ ಯಾಕಿಮೊವ್ ಅದೇ ಡೆಕ್ ಮೇಲೆ ಇಳಿಸುವಾಗ ವಿಮಾನ ಧಡ್ ಅಂತ ಬಡಿದು, ಇಂಧನ ಟ್ಯಾಂಕ್ ಒಡೆದು ಬೆಂಕಿ ಹತ್ತಿತು, ಅವ್ರು ಸೀಟ್ ಸಮೇತ ಹೊರಗೆ ಹಾರಿ ಸಮುದ್ರಕ್ಕೆ ಬಿದ್ದು ಬದುಕಿದ್ರು. ಆ ಹಡಗು ಯಾವುದು ಗೊತ್ತಾ? ಮೊದಲು ಬಾಕು, ಆಮೇಲೆ ಅಡ್ಮಿರಲ್ ಗೋರ್ಷ್ಕೊವ್, ಈಗ ನಮ್ಮ ಐಎನ್‌ಎಸ್ ವಿಕ್ರಮಾದಿತ್ಯ. 2004ರಲ್ಲಿ ಒಪ್ಪಂದ ಆಗಿ, 2013ರ ನವೆಂಬರ್‌ನಲ್ಲಿ ಭಾರತಕ್ಕೆ ಸೇರಿ, 2014ರ ಜನವರಿಯಲ್ಲಿ ಕಾರವಾರಕ್ಕೆ ಬಂತು. ಈಗ ಅದರ ಮನೆ ಕಾರವಾರದ ಕದಂಬ ನೌಕಾನೆಲೆ. ಮುಂದಿನ ಕ್ಷಿಪಣಿಗಳನ್ನೆಲ್ಲ ಕಿತ್ತು ಮೂತಿ ಕಡೆ ಮೇಲಕ್ಕೆ ಬಾಗಿದ ಸ್ಕೀ ಜಂಪ್ ಕಟ್ಟಿ ಮಿಗ್-29ಕೆ ಹಾರೋ ಹಾಗೆ ಮಾಡಿದ್ದಾರೆ, ಆದ್ರೆ ಹಡಗು ಅದೇ. ಸೋವಿಯತ್‌ನ ಕೊನೇ ನೆಟ್ಟಗೆ ಏಳೋ ಫೈಟರ್ ಕಥೆ ಮುಗಿದ ಹಡಗು ನಮ್ಮ ಉತ್ತರ ಕನ್ನಡದಲ್ಲಿದೆ ಅಂತ ಒಂದು ಕನ್ನಡ ಪೇಪರ್ ಬರೆಯದೇ ಇದ್ರೆ ಇನ್ಯಾರು ಬರೀಬೇಕು?

ಆ ಹಡಗಿನ ದರ್ಜೆಯ ಹೆಸರಲ್ಲೂ ಇದೇ ಆಟ ಇತ್ತು. ಸೋವಿಯತ್‌ನವ್ರು ಅದನ್ನ ಏರ್‌ಕ್ರಾಫ್ಟ್ ಕ್ಯಾರಿಯರ್ ಅಂತ ಕರೀತಿರಲಿಲ್ಲ, ವಿಮಾನ ಹೊರೋ ಭಾರೀ ಕ್ರೂಸರ್ ಅಂತಿದ್ರು. ಟರ್ಕಿ ಜಲಸಂಧಿ ದಾಟೋ ಯುದ್ಧನೌಕೆಗಳಿಗೆ 1936ರ ಮೊಂತ್ರೋ ಒಪ್ಪಂದದ ಕಟ್ಟುಪಾಡುಗಳಿವೆ, ಕಪ್ಪು ಸಮುದ್ರದಲ್ಲಿ ಕಟ್ಟಿದ ಹಡಗು ಅಲ್ಲಿಂದ ಹೊರಗೆ ಬರಬೇಕು ಅಂದ್ರೆ ಕ್ರೂಸರ್ ಅಂತ ಅನ್ನಿಸಿಕೊಳ್ಳೋದು ಸಲೀಸು.

ಎಫ್-35ಬಿ ಯಾಕ್-141ರ ಕಾಪಿ ಅಂತ ವಾಟ್ಸಾಪಲ್ಲಿ ಓಡಾಡೋ ಮಾತನ್ನೂ ನಿಮ್ಮ ಲೇಖನ ಹಾಗೇ ಎತ್ತಿ ಹಾಕಿದೆ. ತೊಂಬತ್ತರ ದಶಕದ ಮೊದಲಲ್ಲಿ, ಎಫ್-35 ಮಾಡೋ ಅಮೆರಿಕದ ಲಾಕ್‌ಹೀಡ್ ಕಂಪನಿ ಯಾಕೊವ್ಲೆವ್ ಜೊತೆ ಒಪ್ಪಂದ ಮಾಡ್ಕೊಂಡು ಮಾಹಿತಿ ತಗೊಂಡಿದ್ದು ನಿಜ. ಆದ್ರೆ ಮೂರು ಕೀಲಿನ ನಾಝಲ್ ಕಲ್ಪನೆ ಅಮೆರಿಕದಲ್ಲಿ ಎಪ್ಪತ್ತರ ದಶಕದ ಶುರುವಲ್ಲೇ ಕಾನ್ವೇರ್ 200 ಅನ್ನೋ ಯೋಜನೆಗೆ ಇತ್ತು, ಅಲ್ಲದೆ ಎಫ್-35ಬಿಯಲ್ಲಿ ಕಾಕ್‌ಪಿಟ್ ಹಿಂದೆ ಬೇರೆ ಎಂಜಿನ್ ಇಲ್ಲ, ಮುಖ್ಯ ಎಂಜಿನ್‌ನಿಂದಲೇ ಶಾಫ್ಟ್ ಮೂಲಕ ತಿರುಗೋ ದೊಡ್ಡ ಫ್ಯಾನ್ ಇದೆ. ಯಾಕ್‌ನವ್ರು ನಿಜವಾಗಿ ಮಾಡಿದ್ದೇ ಸಾಕಷ್ಟಿದೆ, ಅದರ ಮೇಲೆ ಸುಳ್ಳು ಸೇರಿಸೋ ಅಗತ್ಯ ಇಲ್ಲ.

ಬೆಂಗಳೂರು ಓದುಗರಿಗೆ ಇದೆಲ್ಲ ಕಷ್ಟ ಆಗುತ್ತೆ ಅಂತ ಅಂದ್ಕೋಬೇಡಿ. ಯಲಹಂಕ ಏರ್ ಶೋಗೆ ಮಕ್ಕಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಹೋಗೋ ಊರು ಇದು, ಎಚ್‌ಎಎಲ್‌ನಲ್ಲಿ ಕೆಲಸ ಮಾಡಿದವ್ರು ಬೀದಿಗೊಬ್ರು ಸಿಗ್ತಾರೆ. ಮಿಗ್-29ಗೆ ನಮ್ಮವ್ರು ಬಾಜ್ ಅಂತಾರೆ, ನೇಟೋ ಫಲ್ಕ್ರಮ್ ಅನ್ನುತ್ತೆ, ಜಾಗ್ವಾರ್‌ಗೆ ಶಂಶೇರ್ ಅಂತಾರೆ, ಯಾರಿಗೂ ಗೊಂದಲ ಆಗಿಲ್ಲ. ಯಾರು ಇಟ್ಟ ಹೆಸರು ಅಂತ ಒಂದು ಸಲ ಹೇಳಿದ್ರೆ ಸಾಕು. ಸೇನೆ ಹೆಸರನ್ನ ಮುಖ್ಯವಾಗಿ ಬರೆದು, ನೇಟೋ ಹೆಸರನ್ನ ನೇಟೋದ್ದು ಅಂತ ಹೇಳಿ, ಪರೀಕ್ಷೆ ಕಾಲದ ಹೆಸರು ಬಂದ್ರೆ ಅದನ್ನೂ ಹಾಗೇ ತಿಳಿಸಿದ್ರೆ ಆಯ್ತು.

ಕೊನೇದಾಗಿ ಫೋಟೋ ವಿಷಯ. ನೀವು ಯಾಕ್-38 ಅಂತ ಹಾಕಿರೋ ದೊಡ್ಡ ಫೋಟೋದಲ್ಲಿ ಮೂತಿಯಿಂದ ಉದ್ದ ಕೊಳವೆ ಚಾಚಿದೆ, ಅದು ಯಾಕ್-36. ಕೆಳಗಿನ ಸಣ್ಣ ಫೋಟೋದಲ್ಲಿ ಕಾಕ್‌ಪಿಟ್ ಹಿಂದೆ ಮುಚ್ಚಳ ತೆರ್ಕೊಂಡು ನಿಂತಿದೆಯಲ್ಲ, ಹಿಂದೆ ಒಂದೇ ಬಾಲ, ಅದು ಯಾಕ್-38. ಎರಡು ಬಾಲ ಇರೋ ಯಾಕ್-141 ಫೋಟೋ ನೀವು ಹಾಕೇ ಇಲ್ಲ. ಬರೋ ಭಾನುವಾರ ಜಾಗ ಸಿಕ್ಕಿದ್ರೆ ಮೂರನ್ನೂ ಪಕ್ಕಪಕ್ಕ ಹಾಕಿ ಹೆಸರು ಸರಿ ಮಾಡಿ, ಜೊತೆಗೆ ವಿಕ್ರಮಾದಿತ್ಯದ್ದೂ ಒಂದು ಹಾಕಿ.

ಇತಿ,
ನಿಮ್ಮ ಓದುಗ
ವಿಮಾನಪುರ, ಬೆಂಗಳೂರು